ಕುರಿಮರಿಯ ಐದನೆಯ ದಿನ

ಐವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಉಟಗಿಯ ಬಾವಿಗಳಲ್ಲಿ ನೀರು ಎಷ್ಟು ಕೆಳಗೆ ಹೋಗಿತ್ತೆಂದರೆ, ಮುಂಜಾನೆ ಇಳಿಬಿಟ್ಟ ಕೊಡ ಸಂಜೆಗೆ ತಳ ಮುಟ್ಟುತ್ತಿತ್ತು. ಮುಟ್ಟಿದ ಸದ್ದು ಮರುದಿನ ಮೇಲೆ ಬರುತ್ತಿತ್ತು. ಅಂಥ ಬಾವಿಯಿಂದ ನೀರು ಸೇದಿ, ಎರಡು ಪೀಪಾಯಿ ತುಂಬಿ, ಚಕ್ಕಡಿಯಲ್ಲಿ ಹೇರಿಕೊಂಡು ರಸ್ತೆಯ ಖಡಿಕಲ್ಲು ಒಡೆಯುವ ಮಂದಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ನನ್ನ ಹೆಸರು ಶಿದ್ರಾಯ. ಎತ್ತುಗಳಿಗೂ ಹೆಸರಿದ್ದವು, ಆದರೆ ಅವು ಈ ಕಥೆಯಲ್ಲಿ ಒಂದೇ ಸಲ ಓಡುತ್ತವೆ. ಅಷ್ಟಕ್ಕೆ ಹೆಸರು ಬೇಡ.

ಮಳೆ ಎರಡು ವರ್ಷ ಬಂದಿರಲಿಲ್ಲ. ಸರಕಾರ ಬರಗಾಲದ ಕೆಲಸವೆಂದು ಉಟಗಿಯಿಂದ ಬಾಲಗಾಂವದ ಕಡೆಗೆ ಒಂದು ರಸ್ತೆ ಶುರು ಮಾಡಿತು. ಆ ರಸ್ತೆ ಯಾರಿಗೂ ಬೇಕಾಗಿರಲಿಲ್ಲ, ಕೆಲಸ ಮಾತ್ರ ಎಲ್ಲರಿಗೂ ಬೇಕಾಗಿತ್ತು. ಬೋಳು ಮಾಳದ ಮೇಲೆ ತಟ್ಟಿಯ ಗುಡಿಸಲು ಎದ್ದವು. ಮುನ್ನೂರು ಮಂದಿ ಕೂಡಿ ಕಲ್ಲು ಒಡೆಯತೊಡಗಿದರು. ಹೆಚ್ಚಿನವರು ಕುರುಬರು. ಕಾಲಲ್ಲಿ ಬಲ ಇದ್ದ ಗಂಡಸರು ಉಳಿದ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದರು. ಮಾಳದಲ್ಲಿ ಉಳಿದವರು ಮುದುಕರು, ಹೆಂಗಸರು, ಮತ್ತು ಅವರ ಹಾಜರಿ ಬರೆಯುವ ಮುಕಾದಮ ಅಣ್ಣಾರಾಯ.

ಅಣ್ಣಾರಾಯ ಪ್ಯಾಟೆಯ ಕಡೆಯಿಂದ ಬಂದವನು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕಂಕುಳಲ್ಲಿ ಹಜೇರಿ ಪುಸ್ತಕ. ಆ ಪುಸ್ತಕದಲ್ಲಿ ಹೆಸರು ಬಿದ್ದರೆ ಅಂದು ರೊಟ್ಟಿ, ಬೀಳದಿದ್ದರೆ ಇಲ್ಲ. ಗಂಡ ದೂರ ಹೋಗಿರುವ ಹೆಂಗಸರಿಗೆ ಅವನು, "ನಿನ್ನ ಹೆಸರು ಬರೋಬ್ಬರಿ ಬಂದಿಲ್ಲ, ಸಂಜಿಗೆ ನನ್ನ ಗುಡಿಸಲಕ್ಕ ಬಂದು ಬರೆಸಿಕೊಂಡು ಹೋಗು" ಅನ್ನುತ್ತಿದ್ದ. ಹೋದವರು ತಿರುಗಿ ಬರುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಬೇರೆ ಕಡೆಯಾದರೆ ನಾನು ಮಾತಿಗೆ ನಾಲ್ಕು ಮಾತು ಸೇರಿಸುವವನು. ಈ ವಿಷಯದಲ್ಲಿ ಸೇರಿಸಲು ಏನೂ ಇಲ್ಲ.

ಚೈತ್ರದಲ್ಲಿ ನರ್ಸ್ ಇಂದ್ರಾಬಾಯಿ ಬಂದರು. ಮಿರಜಿನ ಕಡೆಯ ಒಂದು ಸೇವಾ ಮಂಡಳಿ ಅವರನ್ನು ಒಂದು ಬಿಳಿ ಡೇರೆ, ಒಂದು ಕಬ್ಬಿಣದ ಟ್ರಂಕು ಮತ್ತು ಹತ್ತು ಚೀಲ ವಿಲಾಯಿತಿ ಹಾಲಿನ ಪುಡಿಯ ಜೊತೆ ಕಳಿಸಿತ್ತು. ನಲವತ್ತರ ವಿಧವೆ, ದಪ್ಪ ಚಷ್ಮಾ, ಸಿಟ್ಟು ಬಂದರೆ ಮರಾಠಿ. ಹಾಲಿನ ಪುಡಿ ಎಂದರೆ ಯಾರೂ ನಂಬಲಿಲ್ಲ. ಧೂಳಪ್ಪನೆಂಬವನು ಅದು ಸುಣ್ಣವೆಂದು ನೀರಲ್ಲಿ ಕಲಸಿ ಊರಲ್ಲಿ ತನ್ನ ಮನೆಗೆ ಬಳಿದ. ಊರಿನ ಬೆಕ್ಕುಗಳೆಲ್ಲ ಬಂದು ಗೋಡೆ ನೆಕ್ಕಿದವು. ನಾಲ್ಕು ದಿನದಲ್ಲಿ ಗೋಡೆ ಎಷ್ಟು ತೆಳ್ಳಗಾಯಿತೆಂದರೆ, ಒಳಗೆ ಧೂಳಪ್ಪ ಹೆಂಡತಿಯ ಕೈಲಿ ಬೈಸಿಕೊಳ್ಳುವುದು ಹೊರಗಿನವರಿಗೆ ಕಾಣುತ್ತಿತ್ತು. ಆಮೇಲೆ ಎಲ್ಲರೂ ಲೋಟ ಹಿಡಿದು ಸಾಲಿನಲ್ಲಿ ನಿಂತರು.

ಊರಿನ ಸೂಲಗಿತ್ತಿ ಗುರವ್ವ ಮಾತ್ರ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಮುದುಕಿ. ಮೂಗಿಗೆ ನಶ್ಯ ಏರಿಸಿ ಡೇರೆಯ ಮುಂದೆ ಬಂದು ನಿಂತಳು.

"ನೋಡ ತಂಗಿ, ನಾ ಹಡಿಸಿದ ಕೂಸಿನ ಮೊಮ್ಮಕ್ಕಳು ಈಗ ನಿನ್ನ ಡೇರೆದ ಹಗ್ಗ ಕಟ್ಟಾಕತ್ತಾರ. ನೀ ನಂಗೇನು ಕಲಿಸತಿ?"

ಇಂದ್ರಾಬಾಯಿ ಒಲೆಯ ಮೇಲಿನ ಪಾತೇಲಿಯಿಂದ ಕತ್ತರಿ ತೆಗೆಯುತ್ತಿದ್ದರು. "ಕಲಿಸಂಗಿಲ್ಲ ಆಯಿ. ಕತ್ತರಿ ಕುದಸ್ತೀನಿ."

"ಎಷ್ಟೊತ್ತು ಕುದಸಿದ್ರ ಮೆತ್ತಗಾಗತಾವು?"

ಇಂದ್ರಾಬಾಯಿ ನಕ್ಕರು. ಗುರವ್ವ ನಗಲಿಲ್ಲ, ಆದರೆ ಕೂತಳು. ಕೂತವಳು ಮುಂದಿನ ಎರಡು ತಿಂಗಳು ಅಲ್ಲಿಂದ ಏಳಲಿಲ್ಲ. ಮಾಳದ ಮೊದಲ ಕೂಸನ್ನು ಇಬ್ಬರೂ ಕೂಡಿ ಹಡಿಸಿದರು. ಹೊಕ್ಕಳಬಳ್ಳಿ ಕೊಯ್ದದ್ದು ಗುರವ್ವ, ಕುದಿಸಿದ ಕತ್ತರಿಯಿಂದ.

ಅದಾದ ಎಂಟನೆಯ ದಿನ ಸಂಜೆ ಒಬ್ಬ ಹೆಣ್ಣುಮಗಳು ಓಡಿ ಬಂದು ಡೇರೆಯಲ್ಲಿ ಹೊಕ್ಕು ಟ್ರಂಕಿನ ಹಿಂದೆ ಕೂತಳು. ಹಿಂದೆಯೇ ಅಣ್ಣಾರಾಯ ಬಂದು ಪರದೆ ಎತ್ತಿದ.

"ಇದು ಸರಕಾರಿ ಕೆಲಸದ ಜಾಗಾ. ನಾ ಎಲ್ಲಿ ಬೇಕಾದ್ರೂ ಹೋಗಾಂವ."

ಇಂದ್ರಾಬಾಯಿ ಅಡ್ಡ ನಿಂತರು, ಮರಾಠಿಯಲ್ಲಿ ಬೈದರು, ಓವರಸೀಯರ ಸಾಹೇಬರಿಗೆ ಬರೆಯುತ್ತೇನೆಂದರು. ಅವನು ನಕ್ಕ. ಸಾಹೇಬರು ತಿಂಗಳಿಗೊಮ್ಮೆ ಬಂದು ಅಣ್ಣಾರಾಯನ ಛತ್ರಿಯ ಕೆಳಗೇ ನಿಂತು ಹೋಗುತ್ತಿದ್ದರು. ಡೇರೆಗೆ ಬಾಗಿಲಿಲ್ಲ, ಬಾಗಿಲಿಲ್ಲದ್ದಕ್ಕೆ ಅಗಳಿಯೂ ಇಲ್ಲ.

ಗುರವ್ವ ಹೊರಗೆ ಹೋದಳು. ಬೇವಿನ ತೊಪ್ಪಲು ತಂದು ಪರದೆಯ ಮೇಲೆ ಕಟ್ಟಿದಳು. ಅದರ ಪಕ್ಕ ಒಂದು ಹರಕು ಚಪ್ಪಲಿ ತೂಗುಹಾಕಿದಳು. ಕೆಳಗೆ ಬೆಂಕಿಯ ಬೋಗುಣಿ ಇಟ್ಟು ಅಜವಾನ ಉದುರಿಸಿದಳು. ಹೊಗೆ ಎದ್ದಿತು.

"ಒಳಗ ಹಸಿ ಬಾಣಂತಿ ಅದಾಳ," ಅಂದಳು. "ಹೋಗಾಂವ ಹೋಗಲಿ."

ಅಣ್ಣಾರಾಯ ಒಂದು ಹೆಜ್ಜೆ ಹಿಂದೆ ಸರಿದ. ನಮ್ಮ ಕಡೆ ಗಂಡಸು ಹುಲಿಯ ಗವಿಯಲ್ಲಿ ಹೊಕ್ಕಾನು, ಬಾಣಂತಿಗೆಂದು ಬೇವು ಕಟ್ಟಿದ ಬಾಗಿಲೊಳಗೆ ಹೋಗಲಾರ.

ಅಂದಿನಿಂದ ಆ ಬೇವು ಒಣಗುವುದಕ್ಕೆ ಗುರವ್ವ ಬಿಡಲಿಲ್ಲ. ಯಾರಿಗೆ ಸಂಜೆಯ ಕರೆ ಬರುತ್ತಿತ್ತೋ ಅವಳಿಗೆ ಅಂದೇ ಹೆರಿಗೆ ಆಗುತ್ತಿತ್ತು. ಐದು ದಿನ ಒಳಗೆ ಮಲಗಿ, ತವರಿನ ಕಡೆಯವರು ಬಂದ ಮೇಲೆ ಅವರಿರುವ ಕೆಲಸದ ಗುಂಪಿಗೆ ಹೋಗುತ್ತಿದ್ದಳು. ಎರಡು ತಿಂಗಳಲ್ಲಿ ಆ ಡೇರೆಯಲ್ಲಿ ಒಂಬತ್ತು ಬಾಣಂತನಗಳಾದವು, ಕೂಸುಗಳು ಮಾತ್ರ ಎರಡು. ಅದರಲ್ಲೊಬ್ಬ ಬಾಣಂತಿಗೆ ಅರವತ್ತು ವರ್ಷ. ಅವಳು ಕರೆಗೆ ಹೆದರಿ ಬಂದವಳಲ್ಲ, ಬಿಸಿಬಿಸಿ ಅಂಟಿನುಂಡೆಯ ವಾಸನೆಗೆ ಬಂದವಳು. ಗುರವ್ವ ಅವಳಿಗೂ ಒಂದು ದಿನದ ಬಾಣಂತನ ಮಾಡಿ ಕಳಿಸಿದಳು.

ಹಣಮವ್ವನ ಕಥೆ ಹಾಗಲ್ಲ. ಅವಳು ನಿಜವಾಗಿಯೂ ಬಸುರಿ. ಹತ್ತೊಂಬತ್ತು ವರ್ಷ, ಚೊಚ್ಚಲು, ಎಂಟನೆಯ ತಿಂಗಳು. ಗಂಡ ತುಕಾರಾಮ ಕುರಿಯ ಹಿಂದೆ ಹೋಗಿ ಎರಡು ತಿಂಗಳಾಗಿತ್ತು. ಅವಳು ಕಲ್ಲಿನ ಗುಡ್ಡೆಯ ಮುಂದೆ ಕೂತಿದ್ದಾಗ ನಾನು ಅವಳ ಕಾಲು ನೋಡಿದೆ. ಬೆಳ್ಳಿಯ ಕಡಗ ಮಾಂಸದಲ್ಲಿ ಹೂತು ಹೋಗಿತ್ತು.

"ಏನವ್ವ, ಕಾಲು ನೀರಿನ ಪೀಪಾಯಿ ಆಗ್ಯಾವಲ್ಲ."

"ತಲಿ ಒಡದು ಹೋಗಾಕತ್ತೈತಿ ಕಾಕಾ. ಕಣ್ಣಿನ ಮುಂದ ಮಿಂಚುಹುಳ ಹಾರಿದಂಗ ಕಾಣತೈತಿ."

ಚಕ್ಕಡಿಯಲ್ಲಿ ಕೂರಿಸಿ ಡೇರೆಗೆ ತಂದೆ. ಇಂದ್ರಾಬಾಯಿ ಅವಳ ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದರು. ಮತ್ತೊಮ್ಮೆ ನೋಡಿದರು. ಮೂರನೆಯ ಸಲ ನೋಡಿ ಚಷ್ಮಾ ತೆಗೆದು ಒರೆಸಿಕೊಂಡರು.

"ಇಕಿ ಮಿರಜಕ್ಕ ಹೋಗಬೇಕು," ಅಂದರು. "ಇಲ್ಲಿದ್ರ ಝಟಕಾ ಬರತಾವು, ಕೈಕಾಲು ಸೆಟಿತಾವು. ಇಬ್ಬರ ಜೀವ ಉಳಸಾಕ ನನ್ನ ಟ್ರಂಕಿನಾಗ ಸಾಮಾನ ಇಲ್ಲ."

ಗುರವ್ವ ಮೆಲ್ಲಗೆ ತಲೆಯಾಡಿಸಿದಳು. ಅಂಥ ಕಾಲು, ಅಂಥ ತಲೆನೋವಿನ ಇಬ್ಬರನ್ನು ಅವಳು ನೋಡಿದ್ದಳಂತೆ. ಇಬ್ಬರೂ ಉಳಿದಿರಲಿಲ್ಲ.

ಇಂದ್ರಾಬಾಯಿ ಮಂಡಳಿಗೆ ಚೀಟಿ ಬರೆದರು. ಜತ್ತಕ್ಕೆ ಹೊರಟಿದ್ದ ಸಾಲಿಯ ಮಾಸ್ತರರ ಕೈಯಲ್ಲಿ ಕೊಟ್ಟೆವು. ಎರಡನೆಯ ದಿನ ಉತ್ತರ ಬಂತು: ಗುರುವಾರ ದೀಪ ಹಚ್ಚುವ ಹೊತ್ತಿಗೆ ಜೀಪು ಬರುತ್ತದೆ, ಆದರೆ ಹಳ್ಳದ ಆಚೆ ದಂಡೆಯವರೆಗೆ ಮಾತ್ರ. ಈಚೆಗೆ ರಸ್ತೆಯಿಲ್ಲ. ರಸ್ತೆಯನ್ನು ನಾವೇ ಹಾಕುತ್ತಿದ್ದೆವಲ್ಲ. ಮಾಳದಿಂದ ಹಳ್ಳಕ್ಕೆ ಎರಡು ಮೈಲಿ. ಅಷ್ಟನ್ನು ನನ್ನ ಚಕ್ಕಡಿ ದಾಟಿಸಬೇಕಿತ್ತು.

ಆದರೆ ಚೀಟಿ ಹೋದ ದಿನವೇ ಹಣಮವ್ವನಿಗೆ ಸಂಜೆಯ ಕರೆ ಬಂದಿತ್ತು. ಎಂಟು ತಿಂಗಳ ಬಸುರಿಗೆ. ಗುರವ್ವ ಅದೇ ಗಳಿಗೆಗೆ ಬೇವು ಬದಲಿಸಿದಳು. ಅಣ್ಣಾರಾಯ ಬಂದಾಗ ಹೊಗೆ ಎದ್ದಿತ್ತು.

"ಎಂಟು ತಿಂಗಳಿಗೆ ಹಡದಳೇನು?"

"ನಿಮ್ಮ ಕಲ್ಲಿನ ಕೆಲಸ ಅಷ್ಟು ಭಾರ ಅದರಿ ಮುಕಾದಮರ. ಕೂಸಿಗೂ ತಡಿಲಿಲ್ಲ, ಹೊರಗ ಬಂತು."

"ಅಳೂ ಸಪ್ಪಳ ಇಲ್ಲ."

"ಮಲಗೈತಿ."

"ನಾಳಿ ಬರತೀನಿ, ಎಬ್ಬಿಸಿ ಇಡು."

ಅವನು ಹೋದ ಮೇಲೆ ಗುರವ್ವ ನನ್ನನ್ನು ನೋಡಿದಳು. ಇಡೀ ಊರಿನಲ್ಲಿ ನಾನು ಸುಳ್ಳುಗಾರನೆಂದು ಹೆಸರಾದವನು, ಆದರೂ ಅಳುವ ಕೂಸನ್ನು ಎಲ್ಲಿಂದ ತರಲಿ? ಗುಡಿಸಲುಗಳ ತುದಿಯಲ್ಲಿ ಅಮೋಗಸಿದ್ದ ಮುತ್ಯಾ ಇದ್ದ. ಕುರುಬರ ಹಿರಿಯ ಅಜ್ಜ, ದಿನಕ್ಕೆ ಆರೇಳು ಮಾತು ಖರ್ಚು ಮಾಡುವವನು. ಅವನ ಹತ್ತಿರ ತಾಯಿ ಸತ್ತ ಒಂದು ಹೆಣ್ಣುಮರಿ ಇತ್ತು. ವಿಷಯ ಹೇಳಿದೆ. ಮುತ್ಯಾ ಮರಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟ.

"ಹಸಿದ್ರ ಜೋರ ಅಳತೈತಿ," ಅಂದ. ಅವನ ಅಂದಿನ ಮಾತು ಅಷ್ಟಕ್ಕೆ ಮುಗಿಯಿತು.

ಮರುದಿನ ಸಂಜೆ, ಮಂದಿ ನೀರಿಗೆಂದು ನನ್ನ ಚಕ್ಕಡಿಯ ಸುತ್ತ ನೆರೆದಿದ್ದಾಗ, ಅಣ್ಣಾರಾಯ ಬಂದು ಡೇರೆಯ ಹೊರಗೆ ಕಿವಿಕೊಟ್ಟು ನಿಂತ. ಒಳಗಿನಿಂದ ಮರಿ ಒದರಿತು. ಸ್ವಲ್ಪವೂ ನಾಚಿಕೆಯಿಲ್ಲದೆ, ಅಪ್ಪಟ ಕುರಿಯ ಹಾಗೆ ಒದರಿತು.

ಅಲ್ಲಿ ಇನ್ನೂರು ಕುರುಬರಿದ್ದರು. ಕತ್ತಲಲ್ಲಿ, ಮಲಗಿದ್ದಲ್ಲಿ, ದನಿಯ ಮೇಲೆ ಇದು ಯಾರ ಹಿಂಡಿನ ಯಾವ ಕುರಿಯ ಮರಿ ಎಂದು ಹೇಳಬಲ್ಲ ಮಂದಿ. ಇನ್ನೂರು ಜೊತೆ ಕಿವಿಗಳು ಅದನ್ನು ಕೇಳಿದವು. ಒಬ್ಬನ ತುಟಿಯೂ ಅಲುಗಲಿಲ್ಲ. ಕೊಡ ತುಂಬಿಕೊಳ್ಳುತ್ತಿದ್ದವರು ತುಂಬಿಕೊಳ್ಳುತ್ತಲೇ ಇದ್ದರು.

ಪ್ಯಾಟೆಯ ಅಣ್ಣಾರಾಯ ಕುರಿಯನ್ನು ಕಂಡಿದ್ದು ತಟ್ಟೆಯಲ್ಲಿ ಮಾತ್ರ. ಆದರೂ ಅವನಿಗೆ ಏನೋ ಅನ್ನಿಸಿತು.

"ಇದೇನಿದು, ದನಿ ಹಿಂಗೈತಿ?"

ಅಮೋಗಸಿದ್ದ ಮುತ್ಯಾ ತಲೆಯೆತ್ತಿದ. "ಅವರಪ್ಪಂದೂ ಹಿಂಗ ಇತ್ತು," ಅಂದ. ಅದು ಮರುದಿನದ ಮಾತುಗಳಲ್ಲಿ ಮುಂಗಡ.

ಅಣ್ಣಾರಾಯ ಅಂದು ಹೋದ. ಆದರೆ ಅವನು ಮೂರ್ಖನಲ್ಲ. ಮೂರನೆಯ ದಿನ ನಸುಕಿನಲ್ಲಿ ಯಾರಿಗೂ ಕಾಣದಂತೆ ಡೇರೆಯ ಹಿಂದೆ ಹೋಗಿ ಬಗ್ಗಿ ನೋಡಿದ. ಕರಿ ಕಡಲೆಯಂಥ ಹಿಕ್ಕೆ ಬಿದ್ದಿದ್ದವು. ಎಷ್ಟೇ ಬೇಗ ಹುಟ್ಟಿದರೂ ಕೂಸು ಅಂಥದನ್ನು ಮಾಡುವುದಿಲ್ಲವೆಂದು ಪ್ಯಾಟೆಯವರಿಗೂ ಗೊತ್ತು.

ಅಂದೇ ಮುಂಜಾನೆ ಹಜೇರಿ ಕೂಗುವ ಮೊದಲು ಪುಸ್ತಕ ಎತ್ತಿ ಹಿಡಿದು ಹೇಳಿದ:

"ಗುರುವಾರ ಐದನೇ ದಿನ. ಅವತ್ತ ಸಂಜಿಗೆ ಆ ಕೂಸಿನ ಮಾರಿ ನಾ ನೋಡತೀನಿ. ಕೂಸು ಇರಲಿಲ್ಲಂದ್ರ ಡೇರೆ ಕಿತ್ತಸ್ತೀನಿ. ಹಣಮವ್ವನ ಗಂಡ ಆಕಿನ್ನ ನನ್ನ ಕೈಯಾಗ ಬಿಟ್ಟು ಹೋಗ್ಯಾನ, ಆಕಿ ನನ್ನ ಗುಡಿಸಲದಾಗ ಇರತಾಳ. ಈ ನಾಟಕದಾಗ ಇದ್ದವರ ಹೆಸರು ಇದರಾಗಿಂದ ಹೊಡದ ಹಾಕತೀನಿ."

ತುಕಾರಾಮ ಹೆಂಡತಿಯನ್ನು ಅವನ ಕೈಯಲ್ಲಿ ಬಿಟ್ಟು ಹೋಗಿರಲಿಲ್ಲ. ಅದು ಸುಳ್ಳು, ಕೆಟ್ಟ ಕಸುಬಿನ ಸುಳ್ಳು. ಹಳ್ಳದ ದಾರಿಗೆ ಅವನು ತನ್ನ ಇಬ್ಬರು ಆಳುಗಳನ್ನು ಬಡಿಗೆ ಕೊಟ್ಟು ನಿಲ್ಲಿಸಿದ.

ಬುಧವಾರ ನಾನು ಡೇರೆಯ ಹೊರಗಿನ ಹಂಡೆಗೆ ನೀರು ಸುರುವುತ್ತಿದ್ದಾಗ ಬಟ್ಟೆಯ ಆಚೆಯಿಂದ ಹಣಮವ್ವ ಕರೆದಳು. ದನಿ ತೆಳ್ಳಗಾಗಿತ್ತು.

"ಕಾಕಾ, ಒಂದು ಸುಳ್ಳು ಹೇಳ್ರಿ."

"ಯಾತರ ಬಗ್ಗೆ?"

"ಅವರ ಕುರಿ ಬಗ್ಗೆ."

"ನಿನ್ನ ಗಂಡನ ಕುರಿ ಕೃಷ್ಣಾ ದಂಡಿ ಮ್ಯಾಲ ಮೇದು ಎಷ್ಟು ದಪ್ಪ ಆಗ್ಯಾವಂದ್ರ, ನಡಿಯಾಕ ಬರವಲ್ಲವು. ತುಕಾರಾಮ ದಿನಾ ಮುಂಜಾನೆ ಒಂದೊಂದಾಗಿ ಉರುಳಿಸಿಕೊಂಡು ಹುಲ್ಲಿಗೆ ಒಯ್ತಾನಂತ. ಸಂಜಿಗೆ ಮತ್ತ ಉರುಳಿಸಿಕೊಂಡು ಬರತಾನಂತ. ಅದಕ್ಕ ಮನಿಗೆ ಬರಾಕ ಅವಂಗ ಪುರಸೊತ್ತು ಆಗವಲ್ಲದು."

ಒಳಗೆ ಅವಳು ನಕ್ಕಳು. ನಗುವಿನ ನಡುವೆ ತಲೆ ಹಿಡಿದುಕೊಂಡಿರಬೇಕು, ನಗು ಅರ್ಧಕ್ಕೆ ನಿಂತಿತು.

"ಏರಿ ಮ್ಯಾಲ ಹ್ಯಾಂಗ ಉರುಳಸ್ತಾರ ಕಾಕಾ?"

"ಅದನ್ನ ನಾಳಿ ಹೇಳತೀನಿ," ಅಂದೆ. ನಾಳೆ ಎಂಬುದೊಂದು ಇರಬೇಕಲ್ಲ.

ಗುರುವಾರ ಬಂತು. ಇಂದ್ರಾಬಾಯಿಯ ಮುಖ ಬೆಳಗಿನಿಂದಲೇ ಬಿಗಿದಿತ್ತು. ಹಣಮವ್ವ ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲವಂತೆ. ಗುರವ್ವ ಮಾತ್ರ ಹಿಟ್ಟು ಹಚ್ಚಿದ ಮೊರ ಇಟ್ಟುಕೊಂಡು, ಹಣತೆಗೆ ಬತ್ತಿ ಹೊಸೆಯುತ್ತಾ ಕೂತಿದ್ದಳು.

"ಆಯಿ, ಏನ ಮಾಡೂದು ಈಗ?" ಅಂದರು ಇಂದ್ರಾಬಾಯಿ.

"ಐದನೇ ದಿನ ಏನ ಮಾಡತಾರೋ ಅದನ್ನ ಮಾಡೂದು. ಸಟವಿ ತಾಯಿ ಪೂಜಿ."

ಕೂಸು ಹುಟ್ಟಿದ ಐದನೆಯ ದಿನ ಸಟವಿ ತಾಯಿ ಬಂದು ಅದರ ಹಣೆಬರಹ ಬರೆದು ಹೋಗುತ್ತಾಳೆ. ಅವಳ ಮುಂದೆ ಹಚ್ಚಿದ ದೀಪವನ್ನು ಪೂಜೆಯಾದ ಮೇಲೆ ಸೂಲಗಿತ್ತಿ ಬಟ್ಟೆಯಲ್ಲಿ ಮರೆಮಾಡಿ ಹೊರಗೆ ಒಯ್ಯಬೇಕು. ದಾರಿಯಲ್ಲಿ ಅದನ್ನು ಯಾರೂ ನೋಡಬಾರದು. ನೋಡಿದವನಿಗೂ ಆ ಕೂಸಿಗೂ ಬದುಕಿರುವವರೆಗೆ ಜಗಳ ತಪ್ಪುವುದಿಲ್ಲ. ಅದಕ್ಕೆ ಸೂಲಗಿತ್ತಿ ಹೊರಡುವಾಗ ಕೂಗುತ್ತಾಳೆ, ಇದ್ದವರೆಲ್ಲ ಬೆನ್ನು ತಿರುಗಿಸುತ್ತಾರೆ. ಇದು ನನ್ನ ಸುಳ್ಳಲ್ಲ, ನನ್ನ ಅಜ್ಜಿಯ ಅಜ್ಜಿಯೂ ಬೆನ್ನು ತಿರುಗಿಸಿದವಳೇ.

ಬಿಸಿಲು ಕೆಂಪಾಗುವ ಹೊತ್ತಿಗೆ ಅಣ್ಣಾರಾಯ ಒಂದು ಕುರ್ಚಿ ತರಿಸಿ ಡೇರೆಯ ಎದುರು ಇಪ್ಪತ್ತು ಹೆಜ್ಜೆ ದೂರದಲ್ಲಿ ಹಾಕಿಕೊಂಡು ಕೂತ. ತೊಡೆಯ ಮೇಲೆ ಹಜೇರಿ ಪುಸ್ತಕ. ಕೆಲಸ ಬಿಟ್ಟ ಮಂದಿ ನೀರಿನ ನೆವದಲ್ಲಿ ಬಂದು ಅವನಿಗೂ ಡೇರೆಗೂ ನಡುವೆ ಕೂತರು. ನನ್ನ ಚಕ್ಕಡಿ ಡೇರೆಯ ಮಗ್ಗುಲಲ್ಲಿ, ಹಳ್ಳದ ದಾರಿಗೆ ಮುಖ ಮಾಡಿ ನಿಂತಿತ್ತು. ಪೀಪಾಯಿ ಇಳಿಸಿ ಹುಲ್ಲು ಹಾಸಿದ್ದೆ.

"ಪೂಜಿ ಆದಮ್ಯಾಲ ಕೂಸು ಹೊರಗ ತರ್ರಿ," ಅಂದ ಅಣ್ಣಾರಾಯ.

"ಮದಲ ದೀಪ ಹೋಗಬೇಕ್ರಿ," ಒಳಗಿನಿಂದ ಗುರವ್ವ.

"ಹೋಗಲಿ. ನಾ ಅದನ್ನೂ ನೋಡತೀನಿ."

ಮಂದಿ ಕಸಿವಿಸಿಗೊಂಡರು. ನಾನು ಅವನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ಮುಕಾದಮರ, ನಮ್ಮ ಸೋದರಮಾವ ಶೇಗಾಂವದಾಗ ಹಿಂಗ ಒಂದು ದೀಪ ನೋಡಿದ. ಹೆಣ್ಣುಕೂಸಿಂದು. ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಎಲ್ಲಾ ಸುಳ್ಳು ಅಂತ ನಕ್ಕಾಂವ. ಆಮ್ಯಾಲ ಮಗನ ಮದುವಿ ಮಾಡಿದ. ಸೊಸಿ ಮನಿಗೆ ಬಂದಮ್ಯಾಲ ಗೊತ್ತಾತು, ಅದ ಕೂಸು."

"ಏನಾತು?"

"ಏನ ಆಗತೈತ್ರಿ. ಇವ ಬಿಸಲ ಅಂದ್ರ ಆಕಿ ನೆಳ್ಳ ಅಂತಾಳ. ಹಗ್ಗದ ಹೊರಸು ಹೊರಗ ಹಾಕು ಅಂದ್ರ ಬಾವ್ಯಾಗ ಇಳಿಬಿಡತಾಳ. ಒಮ್ಮಿ ಅವ ಸತ್ತೆ ಅಂದ. ಆಕಿ ಇಲ್ಲ ಅಂದಳು. ಅವ ಇನ್ನೂ ಬದುಕ್ಯಾನ, ಸಾಯಾಕ ಆಕಿ ಬಿಡವಲ್ಲಳು."

ಅವನು ನಕ್ಕ. "ನಿನ್ನ ಸುಳ್ಳು ನಿಮ್ಮ ಎತ್ತಿಗೆ ಹೇಳು. ನಾ ಮಾರಿ ತಿರುವಂಗಿಲ್ಲ."

ನಾನು ಎದ್ದು ಎತ್ತುಗಳ ಹತ್ತಿರ ಹೋದೆ. ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಕೆಲಸಕ್ಕೆ ಬರಬೇಕಾಗಿದ್ದುದು ಅದೊಂದೇ. ಅದೇ ಬಿದ್ದುಹೋಗಿತ್ತು.

ಒಳಗೆ ಜಾಗಟೆಯ ಬದಲು ತಾಟು ಬಡಿದರು. ಮರಿ ಒದರಿತು. ಗುರವ್ವನ ಕೂಗು ಬಂತು:

"ದೀಪ ಬಂತು. ಮಾರಿ ತಿರುವ್ರಿ."

ಅಮೋಗಸಿದ್ದ ಮುತ್ಯಾ ಮೊದಲು ಎದ್ದ. ಕಂಬಳಿ ಜಾಡಿಸಿ ಹೆಗಲಿಗೆ ಹಾಕಿಕೊಂಡ. ನಿಧಾನವಾಗಿ ಡೇರೆಗೆ ಬೆನ್ನು ಮಾಡಿ ನಿಂತ. ಅವನ ಹಿಂದೆ ಒಬ್ಬೊಬ್ಬರಾಗಿ, ಆಮೇಲೆ ಎಲ್ಲರೂ ಕೂಡಿ ಎದ್ದು ತಿರುಗಿದರು. ನಮ್ಮ ಮಾತು ಕೇಳಿಸುವಷ್ಟು ಹತ್ತಿರ ದಾರಿಯ ಮೇಲಿದ್ದ ಇಬ್ಬರು ಆಳುಗಳು ಎಲ್ಲರಿಗಿಂತ ಮೊದಲೇ ತಿರುಗಿ, ಸಾಲದೆಂಬಂತೆ ಕಣ್ಣನ್ನೂ ಮುಚ್ಚಿಕೊಂಡಿದ್ದರು. ಇಬ್ಬರಿಗೂ ಮದುವೆಗೆ ಬಂದ ಗಂಡುಮಕ್ಕಳಿದ್ದರು. ಶೇಗಾಂವದ ಸೊಸೆಯ ಸುದ್ದಿ ಅವರಿಗಾದರೂ ತಟ್ಟಿತ್ತು.

ಡೇರೆಗೆ ಬೆನ್ನು ಮಾಡಿದರೆ ಮುಖ ಎಲ್ಲಿಗೆ ಬರುತ್ತದೆ? ಅಣ್ಣಾರಾಯನ ಕಡೆಗೆ. ಅದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ, ಅವನು ಕುರ್ಚಿ ಹಾಕಿಕೊಂಡ ಜಾಗವೇ ಹಾಗಿತ್ತು. ಮುನ್ನೂರು ಮುಖಗಳು ಒಮ್ಮೆಲೇ ಅವನನ್ನು ನೋಡಿದವು. ಯಾರೂ ಬೈಯಲಿಲ್ಲ, ಕೆಮ್ಮಲಿಲ್ಲ ಕೂಡ. ಅವರು ಬೇರೆ ಎಲ್ಲಿಯೂ ನೋಡುವ ಹಾಗಿರಲಿಲ್ಲ, ಪದ್ಧತಿಯೇ ಹಾಗೆ. ಮುಂದಿನ ಸಾಲಿನಲ್ಲಿ, ಅವನು ಸಂಜೆ ಹೆಸರು ಬರೆಸಲು ಕರೆದಿದ್ದ ಹೆಂಗಸರು ನಿಂತಿದ್ದರು. ಇಷ್ಟು ದಿನ ಯಾರ ಮುಖವನ್ನೂ ನೋಡದವರು, ಅಂದು ನೋಡಿದರು.

ಅಣ್ಣಾರಾಯ ಅವರ ನಡುವೆ ಹಣಕಿ ನೋಡಲು ಅರ್ಧ ಎದ್ದ. ಒಂದು ಮುಖದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅವನ ಕಣ್ಣು ಹೋಯಿತು. ಎಲ್ಲಿಯೂ ನಿಲ್ಲಲು ಜಾಗ ಸಿಗಲಿಲ್ಲ. ಮತ್ತೆ ಕೂತ. ಹಜೇರಿ ಪುಸ್ತಕ ತೆರೆದು, ಯಾವುದೋ ಹೆಸರು ಹುಡುಕುವವನ ಹಾಗೆ ತಲೆ ಬಗ್ಗಿಸಿದ. ಪುಸ್ತಕ ತಲೆಕೆಳಗಾಗಿತ್ತು.

ಗುರವ್ವ ಕರಿ ಕಂಬಳಿ ಹೊದ್ದು ಡೇರೆಯಿಂದ ಹೊರಗೆ ಬಂದಳು. ನಾನೂ ಎತ್ತಿನ ಕಡೆ ಮುಖ ಮಾಡಿ ನೆಲ ನೋಡುತ್ತಿದ್ದೆ. ಕಾಲು ನೋಡುವುದಕ್ಕೆ ದೋಷವಿಲ್ಲ. ಅಂದು ಗುರವ್ವನಿಗೆ ನಾಲ್ಕು ಕಾಲಿದ್ದವು. ಅದರಲ್ಲಿ ಎರಡು ಬಾತಿದ್ದವು, ಕಡಗದ ಗುರುತು ಇನ್ನೂ ಇತ್ತು. ಮೆಲ್ಲಗೆ, ತಡವರಿಸುತ್ತ, ನಾಲ್ಕೂ ಕಾಲು ಚಕ್ಕಡಿ ಏರಿದವು. ಹಿಂದೆ ಇಂದ್ರಾಬಾಯಿ ಚೀಲ ಹಿಡಿದು ಹತ್ತಿದರು.

ಎತ್ತುಗಳು ಓಡಿದ್ದು ಆಗ.

ಅರ್ಧ ದಾರಿಯಲ್ಲಿ, ನೆಲದ ಮೇಲೆ ಬೆಳಕು ಹೋಗಿ ಬಾನಲ್ಲಿ ಮಾತ್ರ ಉಳಿದಿದ್ದಾಗ, ಹಿಂದಿನಿಂದ ಹಲಗೆಗೆ ಕಾಲು ಬಡಿಯುವ ಸದ್ದು ಬಂತು.

"ನಿಂದರಸ್ರಿ," ಅಂದರು ಇಂದ್ರಾಬಾಯಿ. "ಝಟಕಾ ಬಂತು. ಆಯಿ, ತಲಿ ಹಿಡಿ, ಮಗ್ಗಲಾ ಹೊಳ್ಳಸು. ಶಿದ್ರಾಯಣ್ಣ, ಆ ದೀಪ ಹಿಡೀರಿ, ಸೂಜಿ ತುಂಬಬೇಕು."

"ಬಾಯಾರ, ಆ ದೀಪ ನೋಡಬಾರದ್ರಿ."

"ಹಂಗಾರ ಕಣ್ಣು ಮುಚ್ಚಿ ಹಿಡೀರಿ. ನಂಗ ಬೆಳಕು ಬೇಕು."

ಕಣ್ಣು ಮುಚ್ಚಿ ಹಿಂದಕ್ಕೆ ತಿರುಗಿ ಕೈ ಚಾಚಿದೆ. ಗುರವ್ವ ಹಣತೆಯನ್ನು ನನ್ನ ಅಂಗೈಯಲ್ಲಿಟ್ಟಳು. ಹಳ್ಳದ ಕಡೆಯಿಂದ ಗಾಳಿ ಬೀಸಿತು. ದೀಪ ಸಣ್ಣಗಾದದ್ದು ರೆಪ್ಪೆಯ ಒಳಗೇ ಗೊತ್ತಾಯಿತು.

"ಕಾಣವಲ್ಲದು," ಅಂದರು ಇಂದ್ರಾಬಾಯಿ.

ಇನ್ನೊಂದು ಕೈಯಿಂದ ದೀಪಕ್ಕೆ ಮರೆ ಮಾಡಬೇಕಿತ್ತು. ಗಾಳಿ ಯಾವ ಕಡೆಯಿಂದ ಎಂದು ನೋಡದೆ ಮರೆ ಮಾಡಲಾಗದು. ನಾನು ಕಣ್ಣು ಬಿಟ್ಟೆ.

ಸಣ್ಣ ದೀಪ. ಹಿಟ್ಟಿನ ಅಂಚು, ಎಳ್ಳೆಣ್ಣೆ. ಆ ಬೆಳಕಿನಲ್ಲಿ ಹುಡುಗಿಯ ಬಿಗಿದ ಹಲ್ಲು, ಮುದುಕಿಯ ಕೈ, ನರ್ಸ್‌ಬಾಯಿಯ ಸೂಜಿಯ ತುದಿ. ಸೂಜಿ ಒಳಗೆ ಹೋಯಿತು. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ, ಅಂಗೈ ಸುಟ್ಟಿದ್ದು ಆಮೇಲೆ ತಿಳಿಯಿತು. ಕಾಲು ಬಡಿಯುವುದು ನಿಂತಿತು. ಉಸಿರು ನಿಂತಿರಲಿಲ್ಲ.

ಹಳ್ಳದ ಆಚೆ ಜೀಪಿನ ಎರಡು ಕಣ್ಣು ಉರಿಯುತ್ತಿದ್ದವು.

ಮರುದಿನ ಮುಂಜಾನೆ ಅಣ್ಣಾರಾಯ ಹಜೇರಿ ಕೂಗಿ ಮುಗಿಸುವವರೆಗೆ ಯಾರೂ ಸುತ್ತಿಗೆ ಮುಟ್ಟಲಿಲ್ಲ, ಅವನನ್ನೇ ನೋಡುತ್ತಾ ಕೂತರು. ಅವನು ಎಲ್ಲರ ಹೆಸರನ್ನೂ ಕೂಗಿದ. ಒಂದನ್ನೂ ಹೊಡೆದುಹಾಕಲಿಲ್ಲ. ಕೂಸು ಎಲ್ಲಿ ಎಂದು ಕೇಳಲಿಲ್ಲ. ಇಂದ್ರಾಬಾಯಿ ತಿರುಗಿ ಬಂದು ದೊಡ್ಡ ಸಾಹೇಬರಿಗೆ ಕಾಗದ ಬರೆದರು, ನಾಲ್ವರು ಹೆಂಗಸರು ಅದರ ಮೇಲೆ ಹೆಬ್ಬೆಟ್ಟು ಒತ್ತಿದರು. ಅವನಿಗೆ ದೊಡ್ಡ ಶಿಕ್ಷೆಯಾಯಿತು ಎಂದು ಹೇಳಿದರೆ ಕಥೆ ಚಂದವಾಗುತ್ತಿತ್ತು, ನನಗೆ ಹೇಳಲು ಕಷ್ಟವೂ ಇಲ್ಲ. ಆದರೆ ಆಗಲಿಲ್ಲ. ಹದಿನೈದು ದಿನಕ್ಕೆ ಬೇರೆ ಕೆಲಸದ ಜಾಗಕ್ಕೆ ಬದಲಿಯಾಗಿ ಹೋದ. ಅವನು ತಲುಪುವ ಮೊದಲೇ ಗುರವ್ವ ಆ ಊರಿನ ಸೂಲಗಿತ್ತಿಗೆ ಒಂದು ಹೊರೆ ಬೇವಿನ ತೊಪ್ಪಲು ಕಳಿಸಿದ್ದಳು.

ಮಿರಜಿನಲ್ಲಿ ಹಣಮವ್ವನಿಗೆ ಹೆಣ್ಣುಕೂಸು ಹುಟ್ಟಿತು. ಅಂಗೈಯಗಲ ಇತ್ತಂತೆ. ತಾಯಿ ಹನ್ನೊಂದು ದಿನ ಕಣ್ಣು ಸರಿಯಾಗಿ ಬಿಡಲಿಲ್ಲ, ಹನ್ನೆರಡನೆಯ ದಿನ ಬಿಟ್ಟಳು. ಮಳೆ ಬಿದ್ದ ಮೇಲೆ ತುಕಾರಾಮ ಇಬ್ಬರನ್ನೂ ಊರಿಗೆ ಕರೆತಂದ. ಕೂಸಿಗೆ ಇಂದ್ರಾ ಎಂದು ಹೆಸರಿಟ್ಟರು. ಹಣಮವ್ವ ನನ್ನನ್ನು ಕಂಡವಳೇ ಕೇಳಿದ್ದು ಒಂದೇ: "ಏರಿ ಮ್ಯಾಲ ಹ್ಯಾಂಗ ಉರುಳಸ್ತಾರ ಕಾಕಾ?"

ನನಗೆ ಒಂದು ಚಿಂತೆ ಉಳಿದಿತ್ತು. ಗುರವ್ವನನ್ನು ಕೇಳಿದೆ: "ಆಯಿ, ನಾ ನೋಡಿದ್ದು ಯಾರ ದೀಪ? ಕುರಿಮರಿದೋ, ಹುಟ್ಟಬೇಕಾದ ಕೂಸಿಂದೋ?"

ಗುರವ್ವ ನಶ್ಯ ಏರಿಸಿದಳು. "ಎರಡರದೂ," ಅಂದಳು.

ಆ ಮರಿ ಬೆಳೆದು ಕುರಿಯಾಗಿದೆ. ಉಟಗಿಯಲ್ಲಿ ಹೆಣ್ಣುಕುರಿ ಮನುಷ್ಯನಿಗೆ ಹಾಯ್ದಿದ್ದನ್ನು ಯಾರೂ ಕಂಡಿಲ್ಲ. ಇದು ನನ್ನೊಬ್ಬನನ್ನು ಮೂರು ಸಲ ಬಾವಿಯ ಕಟ್ಟೆಯ ಮೇಲಿಂದ ಕೆಡವಿದೆ. ಇಂದ್ರಾಳಿಗೆ ಈಗ ಐದು ವರ್ಷ. ನಾನು ಚಕ್ಕಡಿ ಹೂಡುವುದನ್ನೇ ಕಾದು ಬಂದು ನೊಗದ ಹತ್ತಿರ ನಿಲ್ಲುತ್ತಾಳೆ. ಬಾವಿಯ ಸದ್ದು ಮರುದಿನ ಬರುತ್ತಿತ್ತೆಂದರೆ ಒಪ್ಪುತ್ತಾಳೆ. ಧೂಳಪ್ಪನ ಗೋಡೆಯನ್ನೂ ಒಪ್ಪುತ್ತಾಳೆ. ಮೊನ್ನೆ ಅಂಗೈಯ ಕಲೆ ತೋರಿಸಿ, ದೀಪದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದೆ.

"ಸುಳ್ಳು," ಅಂದಳು.

"ಇದೊಂದು ಖರೆ ಐತಿ. ಅದಕ್ಕ ನೀ ನನ್ನ ಜೋಡಿ ದಿನಾ ಜಗಳ ಆಡತಿ."

"ನಾ ಎಲ್ಲಿ ಜಗಳ ಆಡತೀನಿ?"

"ಈಗ ಆಡಾಕತ್ತೀಯಲ್ಲ."

"ಆಡಾಕತ್ತಿಲ್ಲ."

"ಆಡಾಕತ್ತಿ."

"ಇಲ್ಲ ಮುತ್ಯಾ," ಅಂದಳು, ಸೊಂಟದ ಮೇಲೆ ಕೈಯಿಟ್ಟು. ಅಷ್ಟರಲ್ಲಿ ಅವಳ ಹಿಂದಿನಿಂದ ಕುರಿ ಬಂದಿತು. ನಾನು ಚಕ್ಕಡಿಯ ಮೇಲೆ ಹತ್ತಿ ಕೂತೆ.